ಆರು ಟನ್ ಆನೆ, ಹನ್ನೊಂದು ಗ್ರಾಂ ಗುಂಡು

ಬಲಿತ ಆಫ್ರಿಕನ್ ಗಂಡಾನೆ ಸುಮಾರು 6,000 ಕಿಲೊ ತೂಗುತ್ತದೆ. ಸ್ಕಾಟ್ಲೆಂಡಿನ ವಾಲ್ಟರ್ ಬೆಲ್ ಅಂಥ ಆನೆಗೆ ಹೊಡೆಯುತ್ತಿದ್ದ ಗುಂಡಿನ ತೂಕ 11.2 ಗ್ರಾಂ. ಭಾಗಿಸಿ ನೋಡಿದರೆ ಆನೆಯು ಗುಂಡಿಗಿಂತ ಐದು ಲಕ್ಷದ ಮೂವತ್ತೈದು ಸಾವಿರ ಪಟ್ಟು ಭಾರ. ಆ ಗುಂಡಿನ ಅಡ್ಡಳತೆ 7.2 ಮಿ.ಮೀ. ಮಾತ್ರ. 20ನೇ ಶತಮಾನದ ಆರಂಭದಲ್ಲಿ ಯುಗಾಂಡಾದ ಕರಮೋಜ ಸೀಮೆಯಿಂದ ಹಿಡಿದು ಆಫ್ರಿಕಾದ ಉದ್ದಗಲಕ್ಕೂ ದಂತಕ್ಕಾಗಿ ಅಲೆದ ಈ ಮನುಷ್ಯ ಕೊಂದ ಆನೆಗಳು ಸಾವಿರವನ್ನು ಮೀರಿದವು. ಅವುಗಳಲ್ಲಿ ಸುಮಾರು 800 ಈ ಸಣ್ಣ ಗುಂಡಿಗೇ ಉರುಳಿದವು.

ಇಂದು ಜಿಂಬಾಬ್ವೆಯಲ್ಲಿ ಅದೇ ರೈಫಲ್ ಹಿಡಿದು ಆನೆ ಬೇಟೆಗೆ ಹೊರಟರೆ ಅಪರಾಧ. ಅಲ್ಲಿನ ಕಾನೂನಿನ ಪ್ರಕಾರ ಆನೆ, ನೀರಾನೆ, ಕಾಡೆಮ್ಮೆಗಳಿಗೆ ಗುಂಡಿನ ಅಡ್ಡಳತೆ ಕನಿಷ್ಠ 9.2 ಮಿ.ಮೀ. ಇರಬೇಕು, ನಳಿಗೆ ಬಿಡುವಾಗ ಅದರಲ್ಲಿ ಕನಿಷ್ಠ 5,300 ಜೂಲ್ ಶಕ್ತಿ ಇರಬೇಕು. ಬೆಲ್‌ನ ಗುಂಡಿನಲ್ಲಿದ್ದದ್ದು ಸುಮಾರು 2,750 ಜೂಲ್, ಅರ್ಧಕ್ಕಿಂತ ತುಸು ಹೆಚ್ಚು. 800 ಆನೆಗಳನ್ನು ಕೊಂದ ಅಳತೆಯನ್ನು ಕಾನೂನು ಆನೆಗೆ ಸಾಲದು ಎನ್ನುತ್ತದೆ. ಇವೆರಡರಲ್ಲಿ ಒಂದು ತಪ್ಪಿರಬೇಕು ಅನ್ನಿಸುತ್ತದೆ. ಲೆಕ್ಕ ಹಾಕುತ್ತ ಹೋದರೆ ಎರಡೂ ಸರಿ ಎಂದು ಕಾಣುತ್ತದೆ. ದೊಡ್ಡ ಪ್ರಾಣಿಗೆ ತಕ್ಕ ರೈಫಲ್ ಯಾವುದು ಎಂಬ ಪ್ರಶ್ನೆಯ ತಿರುಳಿರುವುದು ಅಲ್ಲೇ.

ಮೊದಲು ಹಳೆಯ ಅಳತೆಗಳನ್ನು ನೋಡೋಣ. ಕೊಡಗಿನಲ್ಲೂ ಮಲೆನಾಡಿನಲ್ಲೂ ಇಂದಿಗೂ ಬಳಕೆಯಲ್ಲಿರುವ ಟ್ವೆಲ್ವ್ ಬೋರ್ ಕೋವಿಯ ಆ ಹನ್ನೆರಡು ಬಂದದ್ದು ಸೀಸದ ತೂಕದಿಂದ. ಒಂದು ಪೌಂಡ್, ಅಂದರೆ 454 ಗ್ರಾಂ ಸೀಸವನ್ನು ಹನ್ನೆರಡು ಸಮಪಾಲು ಮಾಡಿ ಉಂಡೆ ಕಟ್ಟಿದರೆ, ಆ ಒಂದು ಉಂಡೆ ಸರಿಯಾಗಿ ಕೂರುವ ನಳಿಗೆಯೇ ಟ್ವೆಲ್ವ್ ಬೋರ್. ಅದರ ಬಾಯಿ 18.5 ಮಿ.ಮೀ. ಎಂಟು ಪಾಲು ಮಾಡಿದರೆ 21.2, ನಾಲ್ಕು ಪಾಲು ಮಾಡಿದರೆ 26.7. ಇಡೀ ಪೌಂಡ್ ಒಂದೇ ಉಂಡೆಯಾದರೆ 42.4. ಸಂಖ್ಯೆ ಇಳಿದಂತೆ ಕೋವಿ ಹಿಗ್ಗುತ್ತದೆ. ಉಂಡೆಯ ಗಾತ್ರ ಅಡ್ಡಳತೆಯ ಘನದ ಲೆಕ್ಕದಲ್ಲಿ ಬದಲಾಗುವುದರಿಂದ, ಬಾಯಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಅದೇ ಸೀಸದಿಂದ ಎಂಟು ಪಟ್ಟು ಉಂಡೆ ಮಾಡಬೇಕು. ಈ ಪದ್ಧತಿಯಲ್ಲಿ ಬೆಲ್‌ನ ರೈಫಲನ್ನು ಅಳೆದರೆ ಅದು ಸುಮಾರು 200 ಬೋರ್. 19ನೇ ಶತಮಾನದ ಆನೆ ಬೇಟೆಗಾರರು ಹೆಗಲಿಗೇರಿಸುತ್ತಿದ್ದದ್ದು 8 ಬೋರ್, 4 ಬೋರ್.

4 ಬೋರಿನ ಒಂದು ಉಂಡೆ 113 ಗ್ರಾಂ. ಬೆಲ್‌ನ ಹತ್ತು ಗುಂಡುಗಳ ತೂಕ ಅದೊಂದರಲ್ಲೇ ಇತ್ತು. 1872ರಿಂದ 1874ರ ನಡುವೆ ಆಫ್ರಿಕಾದ ದಕ್ಷಿಣ ಭಾಗದ ಕಾಡುಗಳಲ್ಲಿ ಫ್ರೆಡರಿಕ್ ಸೆಲೂಸ್ ಇಂಥ ಎರಡು ಕೋವಿಗಳಿಂದ 78 ಆನೆಗಳನ್ನು ಹೊಡೆದ. ಅವು ಬಾಯಿಯಿಂದ ತುಂಬುವ ಸಾದಾ ಕೋವಿಗಳು. ಮದ್ದನ್ನು ತೊಗಲಿನ ಚೀಲದಿಂದ ಕೈಯಲ್ಲೇ ತೆಗೆದು ನಳಿಗೆಗೆ ಸುರಿಯುತ್ತಿದ್ದ. ಆ ಕೋವಿಗಳ ಒದೆತ ತನ್ನ ನರಗಳನ್ನೇ ಹಾಳುಮಾಡಿ ಮುಂದೆ ಗುರಿಯನ್ನೂ ಕೆಡಿಸಿತೆಂದು, ಅವುಗಳ ಸಹವಾಸವೇ ಬೇಡವಾಗಿತ್ತೆಂದು ಆತ ಬರೆದುಕೊಂಡ. ಸಾಮ್ಯುಯೆಲ್ ಬೇಕರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. 'ಬೇಬಿ' ಎಂದು ಆತ ಕರೆಯುತ್ತಿದ್ದ ರೈಫಲ್ ಅರ್ಧ ಪೌಂಡಿನ, ಅಂದರೆ 227 ಗ್ರಾಂ ತೂಕದ ಸಿಡಿಗುಂಡನ್ನು ಹಾರಿಸುತ್ತಿತ್ತು. ಜೊತೆಗಿದ್ದ ಅರಬರು ಅದನ್ನು ಫಿರಂಗಿಯ ಮಗು ಎಂದರು. ಒಂದೊಂದು ಗುಂಡಿಗೂ ಅದು ತನ್ನನ್ನು ಗಿರಕಿ ಹೊಡೆಸುತ್ತಿತ್ತೆಂದೂ, ಹಾಗಾಗಿ ಅಪರೂಪಕ್ಕೆ ಮಾತ್ರ ಹಾರಿಸುತ್ತಿದ್ದೆನೆಂದೂ ದೃಢಕಾಯನಾದ ಬೇಕರನೇ ಹೇಳಿದ್ದಾನೆ. ನಮ್ಮ ಮೈಸೂರು ಸೀಮೆಯಲ್ಲಿ ಆನೆ ಖೆಡ್ಡಾಕ್ಕೆ ಹೆಸರಾದ ಜಿ. ಪಿ. ಸ್ಯಾಂಡರ್‌ಸನ್ ಕೂಡ ಆನೆ ಮತ್ತು ಕಾಟಿಗಳಿಗೆ 4 ಬೋರನ್ನೇ ನಂಬಿದ್ದ. 1878ರಲ್ಲಿ ಬಂದ ಆತನ ಪುಸ್ತಕದಲ್ಲಿ ಈ ಭಾರೀ ಕೋವಿಗಳ ಚರ್ಚೆ ವಿವರವಾಗಿದೆ.

ಇಷ್ಟು ಭಾರದ ಗುಂಡು ಏಕೆ ಬೇಕಾಗಿತ್ತು? ಕಪ್ಪು ಮದ್ದಿಗೆ ಇದ್ದ ಮಿತಿಯೇ ಕಾರಣ. ಎಷ್ಟೇ ಮದ್ದು ತುಂಬಿದರೂ ಆ ದೊಡ್ಡ ಉಂಡೆಗಳ ವೇಗ ಸೆಕೆಂಡಿಗೆ ಸುಮಾರು 400 ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ವೇಗ ಏರದಿದ್ದರೆ ಉಳಿಯುವ ದಾರಿ ತೂಕ ಏರಿಸುವುದು. ಅದರ ಮೇಲೆ ಬರಿಯ ಸೀಸ ಮೆದು. ಆನೆಯ ಮೂಳೆಗೆ ಬಡಿದರೆ ಚಪ್ಪಟೆಯಾಗುತ್ತದೆ. ಅದಕ್ಕೆಂದೇ ಸೀಸಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಟ್ಟಿ ಮಾಡುತ್ತಿದ್ದರು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. 1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಬಂತು. ಹತ್ತು ವರ್ಷ ತುಂಬುವುದರೊಳಗೆ, 1898ರಲ್ಲಿ, ಜಾನ್ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ತಂದಿತು. ಹೆಸರಿನಲ್ಲಿರುವ ಸಂಖ್ಯೆ ಇಂಚಿನ ಲೆಕ್ಕದ ಅಡ್ಡಳತೆ. ಗುಂಡು 31 ಗ್ರಾಂ, ವೇಗ ಸೆಕೆಂಡಿಗೆ 655 ಮೀಟರ್, ಶಕ್ತಿ ಸುಮಾರು 6,700 ಜೂಲ್. 4 ಬೋರಿನ ಉಂಡೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 9,000 ಜೂಲ್. ಅಂದರೆ ಹೊಸ ಗುಂಡಿನ ತೂಕ ಕಾಲುಭಾಗಕ್ಕೆ ಇಳಿದಿತ್ತು, ಶಕ್ತಿಯೂ ಕಡಿಮೆಯೇ. ಆದರೂ ಕೆಲವೇ ವರ್ಷಗಳಲ್ಲಿ 4 ಬೋರು ಮೂಲೆ ಸೇರಿತು. ಶಕ್ತಿಯೇ ಆನೆಯನ್ನು ಕೊಲ್ಲುವುದಾದರೆ ಹೀಗೆ ಆಗಬಾರದಿತ್ತು.

ಅದು ಕೊಲ್ಲುವುದಿಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಗುಂಡು ತಾಗಿದ್ದನ್ನು ಎಷ್ಟು ತಳ್ಳುತ್ತದೆ ಎಂಬುದು ಅದರ ಸಂವೇಗದಲ್ಲಿದೆ: ಕಿಲೊದಲ್ಲಿ ತೂಕ ಗುಣಿಸು ಸೆಕೆಂಡಿಗೆ ಮೀಟರಿನಲ್ಲಿ ವೇಗ. ಬೆಲ್‌ನ ಗುಂಡು 11.2 ಗ್ರಾಂ, ಸೆಕೆಂಡಿಗೆ 700 ಮೀಟರ್. ಸಂವೇಗ ಸುಮಾರು 7.8. ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬರುವ 160 ಗ್ರಾಂ ಕ್ರಿಕೆಟ್ ಚೆಂಡಿನದು 6.4. ವಿಕೆಟ್ ಕೀಪರ್ ದಿನವಿಡೀ ಕೈಗವಸಿನಲ್ಲಿ ಹಿಡಿಯುವ ಚೆಂಡಿಗೂ ಆನೆಯನ್ನು ಉರುಳಿಸಿದ ಗುಂಡಿಗೂ ತಳ್ಳುವ ಬಲದಲ್ಲಿರುವ ವ್ಯತ್ಯಾಸ ಅಷ್ಟೇ.

ಇನ್ನು ಅತಿ ದೊಡ್ಡದನ್ನೇ ತೆಗೆದುಕೊಳ್ಳೋಣ. 20ನೇ ಶತಮಾನದ ಆರಂಭದಲ್ಲಿ ಬಂದ .600 ನೈಟ್ರೋ ಎಕ್ಸ್‌ಪ್ರೆಸ್ ದಶಕಗಳ ಕಾಲ ಬೇಟೆ ರೈಫಲ್‌ಗಳ ರಾಜನಾಗಿ ಮೆರೆಯಿತು. ಗುಂಡು 58 ಗ್ರಾಂ, ವೇಗ 594 ಮೀಟರ್, ಶಕ್ತಿ 10,000 ಜೂಲಿಗೂ ಮಿಗಿಲು. ಅದರ ಸಂವೇಗ ಸುಮಾರು 35. ಇದಿಷ್ಟೂ 6,000 ಕಿಲೊ ಆನೆಗೆ ಸೇರಿದರೆ ಆನೆ ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 6 ಮಿಲಿಮೀಟರ್! ಸಿನಿಮಾದಲ್ಲಿ ಗುಂಡು ತಗುಲಿದವರು ಹಾರಿ ಬೀಳುವುದನ್ನು ನೋಡಿ ಬೆಳೆದ ನಮಗೆ ಇದನ್ನು ನಂಬುವುದೇ ಕಷ್ಟ. ಆನೆಯನ್ನು ತಳ್ಳಿ ಬೀಳಿಸುವ ರೈಫಲ್ ಯಾವುದೂ ಇಲ್ಲ. ಹೆಗಲಿಗಿಟ್ಟು ಹಾರಿಸುವ ಅಂಥದ್ದೊಂದನ್ನು ಮಾಡಲು ಸಾಧ್ಯವೂ ಇಲ್ಲ, ಏಕೆಂದರೆ ಮುಂದೆ ಹೋಗುವ ಸಂವೇಗವೆಲ್ಲ ಅಷ್ಟೇ ಪ್ರಮಾಣದಲ್ಲಿ ಹಿಂದಿನ ಭುಜಕ್ಕೂ ಬರುತ್ತದೆ.

ಹಾಗಾದರೆ ಆನೆ ಬೀಳುವುದು ಹೇಗೆ? ಅದರ ಮಿದುಳು ಸುಮಾರು 5 ಕಿಲೊ, ದೇಹದ ಸಾವಿರದ ಒಂದು ಭಾಗಕ್ಕೂ ಕಡಿಮೆ. ಎಲ್ಲವನ್ನೂ ಉಂಡೆ ಮಾಡಿದರೆ ಅಡ್ಡಳತೆ ಸುಮಾರು 21 ಸೆಂಟಿಮೀಟರ್. ಅದೂ ಹಣೆಯ ಹಿಂದೆಯೇ ಇಲ್ಲ. ತಲೆಬುರುಡೆಯ ಹಿಂಭಾಗದಲ್ಲಿ, ಕೆಳಗೆ, ಆಳದಲ್ಲಿ ಹುದುಗಿದೆ. ಮುಂದಿನಿಂದ ಅಲ್ಲಿಗೆ ತಲುಪಬೇಕಾದರೆ ಗಾಳಿಗೂಡುಗಳಿಂದ ತುಂಬಿದ ಮೂಳೆಯನ್ನು ಸುಮಾರು ಅರ್ಧ ಮೀಟರಿನಷ್ಟು ಕೊರೆಯಬೇಕು. ಬೆಲ್ ಇದನ್ನು ಊಹೆಯಿಂದ ಕಲಿಯಲಿಲ್ಲ. ಸತ್ತ ಆನೆಯ ತಲೆಬುರುಡೆಯನ್ನು ಗರಗಸದಿಂದ ಎರಡಾಗಿ ಸೀಳಿಸಿ, ಯಾವ ಕೋನದಿಂದ ಯಾವ ಗೆರೆಯಲ್ಲಿ ಹೋದರೆ ಮಿದುಳು ಸಿಗುತ್ತದೆಂದು ಅಳೆದ. ಸಾವಿರದಲ್ಲಿ ಒಂದು ಪಾಲಾದ ಆ ಜಾಗಕ್ಕೆ ಗುಂಡು ಮುಟ್ಟಿದರೆ ಮಿಕ್ಕ 999 ಪಾಲು ತಾನಾಗಿಯೇ ಕುಸಿಯುತ್ತದೆ. ಗುಂಡಿಗೆ ಇರುವ ಕೆಲಸ ಒಂದೇ, ಅಲ್ಲಿಯವರೆಗೆ ನೆಟ್ಟಗೆ ಹೋಗಿ ಮುಟ್ಟುವುದು.

ಈ ದೃಷ್ಟಿಯಿಂದ ನೋಡಿದಾಗ ರೈಫಲ್ ಜಗತ್ತಿನ ಅತಿ ಸೋಜಿಗದ ಸಂಖ್ಯೆ ಎದುರಾಗುತ್ತದೆ. ಗುಂಡು ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಬರೀ ತೂಕದಿಂದ ತೀರ್ಮಾನವಾಗುವುದಿಲ್ಲ. ಅದರ ಮೂತಿಯ ಒಂದೊಂದು ಚದರ ಸೆಂಟಿಮೀಟರಿನ ಹಿಂದೆ ಎಷ್ಟು ತೂಕ ನಿಂತಿದೆ ಎಂಬುದು ಮುಖ್ಯ. 4 ಬೋರಿನ 113 ಗ್ರಾಂ ಉಂಡೆಗೆ ಈ ಲೆಕ್ಕ ಹಾಕಿದರೆ ಬರುವುದು ಚದರ ಸೆಂಟಿಮೀಟರಿಗೆ 20 ಗ್ರಾಂ. .600 ರೈಫಲಿನ ಗುಂಡಿಗೆ 30. ಆಫ್ರಿಕಾದ ಕಾಡುಗಳಲ್ಲಿ ಇಂದಿಗೂ ಅಳತೆಗೋಲಾಗಿರುವ .375 ಗುಂಡಿಗೆ 27. ಬೆಲ್‌ನ ಆ ಸಣ್ಣ ಗುಂಡಿಗೆ? ಅದಕ್ಕೂ 27! ತೂಕದಲ್ಲಿ ಒಂದಕ್ಕೆ ಹತ್ತರ ಅಂತರವಿದ್ದ 4 ಬೋರನ್ನು ಅದು ಹಿಂದಿಕ್ಕಿತ್ತು. ಅದರ ಮೇಲೆ ವೇಗ ಮುಕ್ಕಾಲು ಪಟ್ಟು ಹೆಚ್ಚು, ಮೈಗೆ ಗಟ್ಟಿ ಲೋಹದ ಹೊದಿಕೆ. ಗುಂಡನ್ನು ಸಪೂರ ಮಾಡಿ ಉದ್ದ ಬೆಳೆಸಿದ್ದರಿಂದ ಸಿಕ್ಕ ಲಾಭ ಇದು. ಉಂಡೆಯಾಗಿದ್ದಷ್ಟು ಕಾಲ ಸೀಸಕ್ಕೆ ಆಳ ಬೇಕಾದರೆ ದಪ್ಪವಾಗುವುದೊಂದೇ ದಾರಿಯಿತ್ತು. ನೀಳವಾದ ಕೂಡಲೇ ಆ ಕಟ್ಟು ಕಳಚಿತು.

ಸಣ್ಣ ರೈಫಲಿನ ಇನ್ನೊಂದು ಲಾಭ ಹಾರಿಸುವವನಿಗೆ. ಏಳು ಕಿಲೊಗೂ ಮೀರಿ ತೂಗುವ .600 ರೈಫಲ್ ಒಂದು ಗುಂಡಿಗೆ ಭುಜಕ್ಕೆ ಕೊಡುವ ಒದೆತ ಸುಮಾರು 130 ಜೂಲ್. .375 ಕೊಡುವುದು 50ರ ಆಸುಪಾಸು. ಬೆಲ್‌ನ 7.2 ಮಿ.ಮೀ. ರೈಫಲ್, ಅಂದರೆ .275, ಕೊಡುವುದು 20ಕ್ಕೂ ಕಡಿಮೆ. ಒದೆತದ ಹೆದರಿಕೆ ಮನಸ್ಸಿನಲ್ಲಿ ಕೂತವನು ಟ್ರಿಗರ್ ಎಳೆಯುವ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತಾನೆ, ಭುಜ ಬಿಗಿಯುತ್ತಾನೆ, ನಳಿಗೆ ಒಂದು ಕೂದಲೆಳೆ ಸರಿಯುತ್ತದೆ. ಸೆಲೂಸ್ ಹೇಳಿದ್ದು ಇದನ್ನೇ. ತನ್ನ ಅಳವಿಗೆ ಮೀರಿದ ಕೋವಿ ಹಿಡಿದವನು ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತಾನೆ.

ಇಷ್ಟೆಲ್ಲ ಕೇಳಿದ ಮೇಲೆ ಬೆಲ್ ಗೆದ್ದ, ಕಾನೂನು ಸೋತಿತು ಅನ್ನಿಸಬಹುದು. ಕಾನೂನಿನ ಪರವಾದ ಲೆಕ್ಕ ಈಗ ಶುರುವಾಗುತ್ತದೆ. ನುಗ್ಗಿ ಬರುವ ಆನೆಯ ವೇಗ ಗಂಟೆಗೆ 40 ಕಿಲೋಮೀಟರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ 11 ಮೀಟರ್. 30 ಮೀಟರ್ ದೂರವನ್ನು ಅದು ಮೂರು ಸೆಕೆಂಡಿನೊಳಗೆ ಮುಗಿಸುತ್ತದೆ. ಆ ಮೂರು ಸೆಕೆಂಡಿನಲ್ಲಿ, ಮೇಲಕ್ಕೂ ಕೆಳಕ್ಕೂ ಆಡುತ್ತಿರುವ ತಲೆಯೊಳಗೆ, ಎರಡು ಗೇಣೂ ಇಲ್ಲದ ಗುರಿಯನ್ನು ಊಹಿಸಿ ಹೊಡೆಯಬೇಕು. ನೂರಾರು ಆನೆಗಳನ್ನು ಹತ್ತಿರದಿಂದ ಕಂಡವನಿಗೆ ಇದು ಸಾಧ್ಯ. ಮೊದಲ ಸಲ ಆನೆಯೆದುರು ನಿಂತವನಿಗೆ ಅಲ್ಲ. ಮಿದುಳು ನಾಲ್ಕು ಬೆರಳು ತಪ್ಪಿತು ಎಂದುಕೊಳ್ಳಿ. ಸಣ್ಣ ಗುಂಡು ಗೂಡುಮೂಳೆಯಲ್ಲಿ ಒಂದು ಸಪೂರ ರಂಧ್ರ ಕೊರೆದು ಹೋಗುತ್ತದೆ, ಆನೆ ಬರುತ್ತಲೇ ಇರುತ್ತದೆ. ದೊಡ್ಡ ಗುಂಡಿನ ಹೊಡೆತಕ್ಕೆ ಅದೇ ಜಾಗದಲ್ಲಿ ಆನೆ ಗರಬಡಿದು ಕುಸಿಯುವ ಸಂಭವವಿದೆ. ಜೋಡುನಳಿಗೆಯ ಎರಡನೇ ಗುಂಡಿಗೆ ಆಗ ಸಮಯ ಸಿಗುತ್ತದೆ.

ಈ ಗರಬಡಿಸುವ ಗುಣವನ್ನು ಸಂಖ್ಯೆಯಲ್ಲಿ ಹಿಡಿಯಲು ಹೊರಟವನು ಜಾನ್ ಟೇಲರ್, ಆಫ್ರಿಕಾದ ಇನ್ನೊಬ್ಬ ಆನೆ ಬೇಟೆಗಾರ. 1948ರ ತನ್ನ ಪುಸ್ತಕದಲ್ಲಿ ಆತ ಒಂದು ಸೂತ್ರ ಕೊಟ್ಟ: ಗುಂಡಿನ ತೂಕ, ವೇಗ, ಅಡ್ಡಳತೆ ಮೂರನ್ನೂ ಗುಣಿಸಿ ಒಂದು ಸ್ಥಿರ ಸಂಖ್ಯೆಯಿಂದ ಭಾಗಿಸು. ಅದರಂತೆ ಬೆಲ್‌ನ .275ಕ್ಕೆ ಸಿಗುವ ಅಂಕ 16ರ ಸುತ್ತ. .375ಕ್ಕೆ 40. .416 ರಿಗ್ಬಿಗೆ 57ರಷ್ಟು. .470ಕ್ಕೆ 70ರ ಮೇಲೆ. .600ಕ್ಕೆ 150ರ ಮೇಲೆ. ಒಂದಕ್ಕೆ ಹತ್ತರ ಅಂತರ ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಭೌತಶಾಸ್ತ್ರ ಈ ಸೂತ್ರವನ್ನು ಒಪ್ಪುವುದಿಲ್ಲ. ಅನುಭವಸ್ಥ ಬೇಟೆಗಾರರು ಕಂಡದ್ದನ್ನು ಸಾಲಾಗಿ ಜೋಡಿಸಿದ ಪಟ್ಟಿ ಇದು. ಆದರೆ ಅದು ಹೇಳುವ ಮಾತು ಸ್ಪಷ್ಟ: ಗುರಿ ಸರಿಯಿದ್ದರೆ ಸಣ್ಣದೂ ಸಾಕು, ದೊಡ್ಡ ಗುಂಡು ಬೇಕಾಗುವುದು ಗುರಿ ತಪ್ಪಿದ ದಿನಕ್ಕೆ. ಕಾನೂನು ಬರೆಯುವವರು ಬೆಲ್‌ನಂಥ ಒಬ್ಬನನ್ನು ಮನಸ್ಸಿನಲ್ಲಿಟ್ಟು ಬರೆಯಲಾರರು. ಕೈ ನಡುಗುವ ನೂರು ಜನರನ್ನು, ಅವರಿಂದ ಗಾಯಗೊಂಡು ದಿನಗಟ್ಟಲೆ ನರಳುವ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟು ಬರೆಯಬೇಕು.

ಹೀಗಾಗಿಯೇ 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ತಂದ .375 ಇಂದಿಗೂ ನಡುದಾರಿಯಾಗಿ ಉಳಿದಿದೆ. ಗುಂಡು 19.4 ಗ್ರಾಂ, ವೇಗ 771 ಮೀಟರ್, ಶಕ್ತಿ ಸುಮಾರು 5,780 ಜೂಲ್. ಆನೆಗೆ ಬೇಕಾದ ಆಳ ಇದೆ, ಕಾನೂನಿನ ಗೆರೆಯ ಮೇಲೂ ಇದೆ, ಸಾಮಾನ್ಯ ಮನುಷ್ಯನ ಭುಜ ತಡೆಯುವ ಒದೆತವೂ ಇದೆ.

ಇದೇ 19.4 ಗ್ರಾಂ ತೂಕದ ಇನ್ನೊಂದು ಗುಂಡು ಕನ್ನಡ ಓದುಗರಿಗೆ ಹೆಚ್ಚು ಪರಿಚಿತ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಓದಿದವರಿಗೆ ಬೆಂಗಳೂರಿನ ಕೆನೆತ್ ಆಂಡರ್ಸನ್ ಗೊತ್ತು, ಆತನ .405 ವಿಂಚೆಸ್ಟರ್ ರೈಫಲೂ ಗೊತ್ತು. ಅದರ ವೇಗ 670 ಮೀಟರ್. .375ಕ್ಕಿಂತ ಬರೀ 100 ಮೀಟರ್ ಕಡಿಮೆ. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 4,360 ಜೂಲಿಗೆ ಇಳಿಯುತ್ತದೆ. ಗುಂಡು ದಪ್ಪ, ಹಾಗಾಗಿ ಚದರ ಸೆಂಟಿಮೀಟರಿನ ಹಿಂದಿರುವ ತೂಕವೂ 27ರಿಂದ 23ಕ್ಕೆ ಇಳಿಯುತ್ತದೆ. ಆನೆಗೆ ಇದು ಕೊರತೆ. ಹುಲಿ ಚಿರತೆಗಳಿಗೆ ಕೊರತೆಯೇ ಅಲ್ಲ. 200 ಕಿಲೊ ತೂಗುವ ಹುಲಿಯ ಮೈ ಆನೆಯ ಮುಂದೆ ಮೆತ್ತಗಿನದು. ಅಲ್ಲಿ ಗುಂಡು ಅರ್ಧ ಮೀಟರ್ ಮೂಳೆ ಕೊರೆಯಬೇಕಾಗಿಲ್ಲ. ಒಳಹೊಕ್ಕ ಮೇಲೆ ಅರಳಿ, ಗಾಯವನ್ನು ಅಗಲಿಸಿ, ಬೇಗ ಮುಗಿಸಬೇಕು. ಅದಕ್ಕೆ ಮೆದು ಮೂತಿಯ ಗುಂಡು. ಆನೆಗೆ ಹೊಡೆದರೆ ಅದೇ ಗುಂಡು ದಾರಿಯಲ್ಲೇ ಅರಳಿ ನಿಂತುಬಿಡುತ್ತದೆ.

ಇದನ್ನು ಜಿಮ್ ಕಾರ್ಬೆಟ್ಟರ ರೈಫಲಿನಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ. 436 ಜನರನ್ನು ಬಲಿ ತೆಗೆದುಕೊಂಡಿದ್ದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದದ್ದಕ್ಕೆ ಅವರಿಗೆ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ. ಬೆಲ್ ಆನೆಗಳ ಮೇಲೆ ಹಿಡಿದ ಅದೇ ಅಳತೆ! 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಸತ್ತದ್ದು ಇದರಿಂದಲೇ. 6,000 ಕಿಲೊ ಆನೆಗೂ 70 ಕಿಲೊ ದಾಟದ ಚಿರತೆಗೂ ಒಂದೇ ನಳಿಗೆ. ಬೇರೆಯಾದದ್ದು ಗುಂಡಿನ ಮೂತಿ ಮತ್ತು ಹಿಡಿದವರ ತಿಳಿವಳಿಕೆ.

ಅಳತೆಯ ಆಯ್ಕೆ ಯಾವಾಗಲೂ ಪ್ರಾಣಿಯನ್ನೇ ನೋಡಿ ಆಗಲಿಲ್ಲ ಎಂಬುದನ್ನೂ ಹೇಳಬೇಕು. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ .450 ಅಳತೆಯ ರೈಫಲ್ ತರುವುದನ್ನು ನಿಷೇಧಿಸಿತು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಗುಂಡೂ ಅದೇ ಅಳತೆಯದು. ಬೇಟೆಯ ಹೆಸರಿನಲ್ಲಿ ಬಂದ ಗುಂಡು ದಂಗೆಕೋರರ ಕೈ ಸೇರೀತೆಂಬ ಭಯ. ಲಂಡನ್ನಿನ ಕೋವಿ ತಯಾರಕರು ತಡಮಾಡದೆ .465, .470, .475 ಎಂದು ಹೊಸ ಅಳತೆಗಳ ಸಾಲನ್ನೇ ತಂದರು. .450ಕ್ಕೂ .465ಕ್ಕೂ ಹೆಸರಿನಲ್ಲಿರುವ ಅಂತರ ಇಂಚಿನ ಸಾವಿರದ ಹದಿನೈದು ಭಾಗ, ಅರ್ಧ ಮಿಲಿಮೀಟರೂ ಇಲ್ಲ. ಆನೆಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಆದರೆ ಆ ನಿಷೇಧದಿಂದ ಹುಟ್ಟಿದ .470 ಇವತ್ತಿಗೂ ಜೋಡುನಳಿಗೆ ರೈಫಲ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲೊಂದು.

ಈ ಲೆಕ್ಕಗಳ ಎದುರಿಗೆ ಇಟ್ಟು ನೋಡಲೇಬೇಕಾದ ಇನ್ನೊಂದು ಲೆಕ್ಕವಿದೆ. 1909-10ರ ಒಂದೇ ಆಫ್ರಿಕಾ ಪ್ರವಾಸದಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಮಗ ಕೆರ್ಮಿಟ್ ಹೊಡೆದ ಪ್ರಾಣಿಗಳು 512. 1979ರಲ್ಲಿ ಆಫ್ರಿಕಾದಲ್ಲಿ ಸುಮಾರು 13 ಲಕ್ಷ ಆನೆಗಳಿದ್ದವೆಂದು ಅಂದಾಜು. 2016ರಲ್ಲಿ ಅದು 4.15 ಲಕ್ಷ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1991ರ ತಿದ್ದುಪಡಿ ಸೇರಿ ಬೇಟೆಯ ಬಾಗಿಲನ್ನು ಮುಚ್ಚಿದವು. ಮುಚ್ಚಿದ್ದು ಎಷ್ಟು ಒಳ್ಳೆಯದಾಯಿತೆಂದರೆ, 2023ರ ಅಂದಾಜಿನಲ್ಲಿ ಕರ್ನಾಟಕವೊಂದರಲ್ಲೇ 6,395 ಆನೆಗಳಿದ್ದವು, ದೇಶದಲ್ಲೇ ಅತಿ ಹೆಚ್ಚು.

ಹಾಗೆಂದು ಆನೆಯ ಮುಂದೆ ಕೋವಿ ಹಿಡಿದು ನಿಲ್ಲುವ ಕೆಲಸ ನಿಂತಿಲ್ಲ. ಹಾಸನದ ಕಾಫಿ ತೋಟಗಳಲ್ಲೋ ಕೊಡಗಿನ ಅಂಚಿನಲ್ಲೋ ಪುಂಡಾನೆ ಹಿಡಿಯಬೇಕಾದಾಗ ಸಾಕಾನೆಗಳ ನಡುವೆ ವನ್ಯಜೀವಿ ವೈದ್ಯರು ಅರಿವಳಿಕೆ ಕೋವಿಯೊಂದಿಗೆ ಹೊರಡುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಜೈಲಜಿನ್ ಕೆಲವು ನೂರು ಮಿಲಿಗ್ರಾಂ ಸಾಕು. ಆಫ್ರಿಕಾದಲ್ಲಿ 1960ರ ದಶಕದಿಂದ ಬಳಕೆಗೆ ಬಂದ ಎಟಾರ್ಫಿನ್ ಇನ್ನೂ ತೀಕ್ಷ್ಣ. ಬಲಿತ ಗಂಡಾನೆಯನ್ನು ಮಲಗಿಸಲು ಬೇಕಾದದ್ದು ಸುಮಾರು 15 ಮಿಲಿಗ್ರಾಂ. ಸೆಲೂಸ್ ಹಾರಿಸುತ್ತಿದ್ದ ಸೀಸದ ಏಳು ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಮರುಮದ್ದು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಆನೆ ಎದ್ದು ನಡೆಯುತ್ತದೆ.

ಆ ವೈದ್ಯರು ಮಾಡುವ ಲೆಕ್ಕವನ್ನು ಬಿಡಿಸಿ ನೋಡಿದರೆ ಬೆಲ್ ಮಾಡಿದ ಲೆಕ್ಕವೇ. ಆನೆಯ ತೂಕ ಎಷ್ಟು, ಯಾವ ಭಾಗದಲ್ಲಿ ತೊಗಲು ಎಷ್ಟು ದಪ್ಪ, ದೂರ ಎಷ್ಟು, ಮದ್ದು ಮುಟ್ಟಬೇಕಾದ ಸ್ನಾಯು ಎಲ್ಲಿದೆ, ತಪ್ಪಿದರೆ ಮುಂದೇನು. ತೂಕದ ಅಂದಾಜು ಹೆಚ್ಚಾದರೆ ಆನೆ ಏಳದೆ ಹೋಗಬಹುದು. ಕಡಿಮೆಯಾದರೆ ಅರೆಮಂಪರಿನಲ್ಲಿ ಓಡಿ ಹಳ್ಳಕ್ಕೆ ಬೀಳಬಹುದು. ಕೊಲ್ಲುವ ಕೈಯಿಂದ ಉಳಿಸುವ ಕೈಗೆ ಬಂದಾಗ ಈ ಲೆಕ್ಕ ಹಗುರವಾಗಲಿಲ್ಲ, ಇನ್ನಷ್ಟು ನಿಖರವಾಗಬೇಕಾಯಿತು. ದೊಡ್ಡ ಪ್ರಾಣಿಗೆ ತಕ್ಕ ಅಳತೆ ಯಾವುದು ಎಂದು ಕೇಳುವವರಿಗೆ ಒಂದೂವರೆ ಶತಮಾನದ ಸಂಖ್ಯೆಗಳೆಲ್ಲ ಸೇರಿ ಕೊಡುವ ಉತ್ತರ ಒಂದೇ: ಕೋವಿಯ ಬಾಯಿ ಅಳೆಯುವ ಮೊದಲು ಪ್ರಾಣಿಯ ಒಳಗನ್ನು ಅಳೆದು ತಿಳಿಯಬೇಕು. ಅದು ತಿಳಿಯದವನ ಕೈಯಲ್ಲಿ ಯಾವ ಅಳತೆಯೂ ತಕ್ಕದ್ದಲ್ಲ.